ಪಟ್ಟಿ ಉದ್ದ, ಪ್ರಶ್ನೆ ಕಡಿಮೆ: ಗಲ್ಫ್ ಆಸ್ಪತ್ರೆಗಳ ‘ಪೋಸ್ಟ್ ಕೋವಿಡ್ ಪ್ಯಾಕೇಜ್’ ಹೇಗಿದೆ?

ಗಲ್ಫ್ ನಗರಗಳ ಖಾಸಗಿ ಆಸ್ಪತ್ರೆಗಳಲ್ಲಿ ಕೋವಿಡ್ ಅಲೆಗಳ ಬೆನ್ನಿಗೇ ಮಾರಾಟಕ್ಕೆ ಬಂದ ಸರಕು ಇದು. ಒಂದು ಕಡೆ ಪೋಸ್ಟ್ ಕೋವಿಡ್ ಚೆಕಪ್, ಇನ್ನೊಂದು ಕಡೆ ರಿಕವರಿ ಪ್ಯಾಕೇಜ್. ಹೆಸರು ಬೇರೆಯಾದರೂ ಒಳಗಿರುವುದು ಹೆಚ್ಚುಕಮ್ಮಿ ಒಂದೇ. ಸಿಬಿಸಿ (ರಕ್ತಕಣಗಳ ಎಣಿಕೆ), ಸಿಆರ್‌ಪಿ (ಉರಿಯೂತದ ಗುರುತು), ಡಿ-ಡೈಮರ್ (ರಕ್ತ ಹೆಪ್ಪುಗಟ್ಟಿದ್ದರ ಗುರುತು), ಫೆರಿಟಿನ್ (ಕಬ್ಬಿಣಾಂಶದ ದಾಸ್ತಾನು), ಲಿವರ್ ಮತ್ತು ಕಿಡ್ನಿ ಪರೀಕ್ಷೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ), ವಿಟಮಿನ್ ಡಿ, ಕೋವಿಡ್ ಆ್ಯಂಟಿಬಾಡಿ, ಒಂದು ಇಸಿಜಿ, ಎದೆಯ ಎಕ್ಸ್‌ರೇ. ದುಬಾರಿ ಪ್ಯಾಕೇಜಾದರೆ ಸಿ.ಟಿ. ಸ್ಕ್ಯಾನ್, ಎಕೋ (ಹೃದಯದ ಸ್ಕ್ಯಾನ್) ಕೂಡ. ಕೊನೆಗೆ ವೈದ್ಯರ ಜೊತೆ ಒಂದು ಭೇಟಿ.

ಮೊದಲೇ ಹೇಳಿಬಿಡುವುದಾದರೆ, ಈ ಪಟ್ಟಿಯಲ್ಲಿ ಅರ್ಧ ಉಪಯೋಗಕ್ಕೆ ಬರುತ್ತದೆ, ಕಾಲು ಭಾಗ ದಂಡ. ನಿಜವಾಗಿ ಬೇಕಾದ ಮೂರ್ನಾಲ್ಕು ಸಂಗತಿಗಳು ಪಟ್ಟಿಯಲ್ಲೇ ಇಲ್ಲ. ಆ ಮೂರ್ನಾಲ್ಕಕ್ಕೆ ಯಂತ್ರವೂ ಬೇಡ, ರಕ್ತವೂ ಬೇಡ. ಒಂದು ಗೋಡೆ, ಒಂದು ಬಿಪಿ ಯಂತ್ರ, ಕೇಳುವ ವ್ಯವಧಾನ ಇದ್ದರೆ ಸಾಕು. ಬಿಲ್ ಮಾಡಲು ಬರುವುದಿಲ್ಲ ಎಂಬುದೇ ಅವುಗಳ ದೋಷ ಇರಬೇಕು.

ಪ್ಯಾಕೇಜಿನ ಗುಣ ಅಳೆಯಬೇಕಾದರೆ ಲಾಂಗ್ ಕೋವಿಡ್, ಅಂದರೆ ಸೋಂಕು ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ತೊಂದರೆ, ಎಷ್ಟು ಜನರಿಗೆ ಬರುತ್ತದೆ ಎಂಬುದು ಮೊದಲು ತಿಳಿಯಬೇಕು. ಈ ವಿಷಯದಲ್ಲಿ ಜಾಹೀರಾತುಗಳು ತಮಗೆ ಅನುಕೂಲವಾದ ಸಂಖ್ಯೆಯನ್ನೇ ಆರಿಸಿಕೊಳ್ಳುತ್ತವೆ. ಈಜಿಪ್ಟಿನಲ್ಲಿ 2020ರಲ್ಲೇ ಪ್ರಕಟವಾದ ಒಂದು ಅಧ್ಯಯನವಿದೆ. ಗುಣವಾದ 287 ಜನರಲ್ಲಿ ಯಾವ ತೊಂದರೆಯೂ ಇಲ್ಲ ಎಂದವರು ಶೇ 10.8 ಮಾತ್ರ, ಸುಸ್ತು ಇದೆ ಎಂದವರು ಶೇ 72.8. ಅಂದರೆ ಹತ್ತರಲ್ಲಿ ಒಂಬತ್ತು ಜನರಿಗೆ ಏನೋ ಒಂದು ಉಳಿದಿದೆ. ಇನ್ನೊಂದು ತುದಿಯಲ್ಲಿ 22 ದೇಶಗಳ 12 ಲಕ್ಷ ಜನರ ಮಾಹಿತಿ ಜೋಡಿಸಿ 2022ರಲ್ಲಿ ಪ್ರಕಟಿಸಿದ ಜಾಗತಿಕ ಲೆಕ್ಕ. ಲಕ್ಷಣಸಹಿತ ಕೋವಿಡ್ ಬಂದವರಲ್ಲಿ ಮೂರು ತಿಂಗಳ ನಂತರವೂ ಸುಸ್ತು, ಉಸಿರಾಟದ ತೊಂದರೆ, ಮರೆವು ಎಂಬ ಮೂರು ಗುಂಪುಗಳಲ್ಲಿ ಒಂದಾದರೂ ಉಳಿದವರು ಅದರ ಪ್ರಕಾರ ಶೇ 6.2. ಇವೆರಡರ ನಡುವೆ, ಅದೇ ವರ್ಷ ಬಂದ ಮತ್ತೊಂದು ಸಂಗ್ರಹ ವಿಶ್ಲೇಷಣೆ ಒಟ್ಟು ಶೇ 43 ಎನ್ನುತ್ತದೆ. ಆಸ್ಪತ್ರೆ ಸೇರಿದವರಲ್ಲಿ ಶೇ 54, ಮನೆಯಲ್ಲೇ ಇದ್ದವರಲ್ಲಿ ಶೇ 34.

ಮೂರೂ ಸುಳ್ಳಲ್ಲ. ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಯಾರನ್ನು ಕೇಳಿದರು, ಎಷ್ಟು ದಿನಕ್ಕೆ ಕೇಳಿದರು, ಕೋವಿಡ್ ಬಾರದವರನ್ನೂ ಕೇಳಿದರೇ ಎಂಬುದರ ಮೇಲೆ ಸಂಖ್ಯೆ ಹಿಗ್ಗುತ್ತದೆ, ಕುಗ್ಗುತ್ತದೆ. ಕೊನೆಯದ್ದೇ ಎಲ್ಲಕ್ಕಿಂತ ಮುಖ್ಯ. ನೆದರ್ಲೆಂಡ್ಸ್‌ನವರು ಇದನ್ನು ಸರಿಯಾಗಿ ಮಾಡಿದರು. ಸೋಂಕಿತರಲ್ಲಿ ಶೇ 21.4 ಜನರಿಗೆ ಲಕ್ಷಣಗಳು ಹೆಚ್ಚಿ ಉಳಿದಿದ್ದವು. ಸೋಂಕು ತಗಲದ, ಅದೇ ವಯಸ್ಸಿನ ಜನರಲ್ಲೂ ಅದೇ ಅವಧಿಯಲ್ಲಿ ಶೇ 8.7 ಮಂದಿಗೆ ಅಂಥವೇ ಲಕ್ಷಣಗಳು. ಕಳೆದರೆ ಉಳಿಯುವುದು ಶೇ 12.7, ಎಂಟರಲ್ಲಿ ಒಬ್ಬರು.

ಅರಬ್ ದೇಶಗಳಿಗೆ ಬಂದರೆ ಈ ಕಳೆಯುವ ಲೆಕ್ಕ ಇನ್ನೂ ಮುಖ್ಯ. ಅಲ್ಲಿ ಸುಸ್ತಿಗೆ ವಾರಸುದಾರರು ಬಹಳ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಲೆಕ್ಕದಲ್ಲಿ ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ ವಲಯದ ವಯಸ್ಕರಲ್ಲಿ ಶೇ 16.2 ಜನರಿಗೆ ಸಕ್ಕರೆ ಕಾಯಿಲೆ; ತಲೆ ಎಣಿಸಿದರೆ 7.3 ಕೋಟಿ. ಜಗತ್ತಿನ ಯಾವ ವಲಯದಲ್ಲೂ ಇಷ್ಟು ಪ್ರಮಾಣವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಅಂಕಿಗಳಲ್ಲಿ ಬೊಜ್ಜು ಕುವೈತ್‌ನ ವಯಸ್ಕರಲ್ಲಿ ಶೇ 37.9, ಜೋರ್ಡನ್, ಸೌದಿ, ಕತಾರ್‌ಗಳಲ್ಲಿ ತಲಾ ಶೇ 35ರ ಮೇಲೆ. ಬಿಸಿಲಿನ ದೇಶವಾದರೂ ಮನೆ, ಕಾರು, ಮಾಲ್ ಎಂದು ನೆರಳಲ್ಲೇ ಬದುಕುವುದರಿಂದ ವಿಟಮಿನ್ ಡಿ ಕೊರತೆ ಸರ್ವೇಸಾಮಾನ್ಯ. ಹೆಂಗಸರಲ್ಲಿ ಕಬ್ಬಿಣಾಂಶದ ಕೊರತೆಯೂ ಹಾಗೆಯೇ. ಇವರಲ್ಲಿ ಯಾರನ್ನೇ ಕರೆದು ‘ಸುಸ್ತು ಇದೆಯೇ’ ಎಂದರೆ ಕೋವಿಡ್ ಬಂದಿರಲಿ ಬಿಡಲಿ, ಹೌದು ಎನ್ನುವವರು ಸಿಕ್ಕೇ ಸಿಗುತ್ತಾರೆ.

ಇನ್ನೊಂದು ತೊಡಕು. ಗಲ್ಫ್ ಆಸ್ಪತ್ರೆಯ ಅಂಕಿ ಎಂದ ಮಾತ್ರಕ್ಕೆ ಅದು ಅರಬ್ ರೋಗಿಗಳ ಅಂಕಿಯಲ್ಲ. ಸೌದಿಯ 2022ರ ಜನಗಣತಿಯಲ್ಲೇ ಶೇ 41.6 ಜನ ಹೊರದೇಶದವರು. ಎಮಿರೇಟ್ಸ್‌ನಲ್ಲಿ ಹತ್ತರಲ್ಲಿ ಒಂಬತ್ತರ ಹತ್ತಿರ. ಹಾಗಾಗಿ ಅಲ್ಲಿನ ಆಸ್ಪತ್ರೆ ದಾಖಲೆಯಲ್ಲಿ ಮೂವತ್ತರ ಆಸುಪಾಸಿನ ದಕ್ಷಿಣ ಏಷ್ಯಾದ ಕೂಲಿಯಾಳುಗಳೂ ಇರುತ್ತಾರೆ, ಐವತ್ತು ದಾಟಿದ ಸ್ಥಳೀಯ ಹೆಂಗಸರೂ ಇರುತ್ತಾರೆ. ಎರಡನ್ನೂ ಕಲಸಿ ಸರಾಸರಿ ತೆಗೆದರೆ ಯಾರಿಗೂ ಹೊಂದದ ಸಂಖ್ಯೆ ಬರುತ್ತದೆ. ಯೆಮೆನ್, ಸಿರಿಯಾ, ಸುಡಾನ್ ಕಡೆಯಿಂದ ಬಂದವರ ಕೈಯಲ್ಲಿ ಪಿಸಿಆರ್ ಚೀಟಿಯೇ ಇರುವುದಿಲ್ಲ. ಪರೀಕ್ಷೆ ಸಿಗುತ್ತಿದ್ದದ್ದೇ ಅಪರೂಪ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರ್ 6ರಂದು ಕೊಟ್ಟ ವ್ಯಾಖ್ಯೆ ಇದಕ್ಕೆ ದಾರಿ ಬಿಟ್ಟಿದೆ. ಖಚಿತ ಅಥವಾ ಸಂಭಾವ್ಯ ಸೋಂಕು, ಶುರುವಾಗಿ ಸಾಮಾನ್ಯವಾಗಿ ಮೂರು ತಿಂಗಳಾಗಿರಬೇಕು, ಲಕ್ಷಣ ಕನಿಷ್ಠ ಎರಡು ತಿಂಗಳು ಇರಬೇಕು, ಬೇರೆ ಕಾಯಿಲೆಯಿಂದ ಅದನ್ನು ವಿವರಿಸಲು ಆಗಬಾರದು. ‘ಪಾಸಿಟಿವ್ ರಿಪೋರ್ಟ್ ಇಲ್ಲದೆ ಪ್ಯಾಕೇಜ್ ಇಲ್ಲ’ ಎನ್ನುವ ಕೌಂಟರ್ ಈ ವ್ಯಾಖ್ಯೆಯನ್ನು ಓದಿಲ್ಲ ಎಂದೇ ಅರ್ಥ.

ಯಾರಿಗೆ ಅಪಾಯ ಹೆಚ್ಚು? 41 ಅಧ್ಯಯನಗಳ ಎಂಟೂವರೆ ಲಕ್ಷಕ್ಕೂ ಹೆಚ್ಚು ರೋಗಿಗಳನ್ನು ಒಟ್ಟುಗೂಡಿಸಿದ 2023ರ ವಿಶ್ಲೇಷಣೆಯನ್ನು ಮುಂದಿಟ್ಟುಕೊಂಡರೆ ಸಾಲು ಹೀಗೆ ನಿಲ್ಲುತ್ತದೆ: ಆಸ್ಪತ್ರೆ ಅಥವಾ ಐಸಿಯು ಸೇರಿದ್ದವರಿಗೆ ಸಾಧ್ಯತೆ 2.37 ಪಟ್ಟು, ಹೆಂಗಸರಿಗೆ 1.56, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ 1.50, ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಇದ್ದವರಿಗೆ 1.38, ಹೃದಯದ ರಕ್ತನಾಳದ ಕಾಯಿಲೆಗೆ 1.28, ಅಸ್ತಮಾಕ್ಕೆ 1.24, ಆತಂಕ ಅಥವಾ ಖಿನ್ನತೆ ಇದ್ದವರಿಗೆ 1.19, ಬೊಜ್ಜಿಗೆ 1.15, ಧೂಮಪಾನಕ್ಕೆ 1.10. ಎರಡು ಡೋಸ್ ಲಸಿಕೆ ಪಡೆದವರಲ್ಲಿ 0.57, ಅಂದರೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಕೆ.

ಮತ್ತೆ ಸಕ್ಕರೆ ಕಾಯಿಲೆ? ಬರೀ 1.06. ಅರಬ್ ದೇಶಗಳಲ್ಲಿ ಎಲ್ಲದಕ್ಕೂ ಸಕ್ಕರೆಯನ್ನೇ ದೂರುವ ವೈದ್ಯರಿಗೂ ರೋಗಿಗಳಿಗೂ ಇದು ಅಚ್ಚರಿ ತರಬಹುದು. ಆದರೆ ನೋಡುವ ಬಗೆ ಇದೆ. ಸಕ್ಕರೆ ಇದ್ದವರು ಕೋವಿಡ್ ಬಂದಾಗ ಆಸ್ಪತ್ರೆ ಸೇರುವುದೇ ಹೆಚ್ಚು; ಸೇರಿದ ಮೇಲೆ 2.37ರ ಸಾಲಿಗೆ ಬಂದು ನಿಲ್ಲುತ್ತಾರೆ. ನೇರವಾಗಿ ಹೊಡೆಯದೆ ಬಳಸಿಕೊಂಡು ಬಂದು ಹೊಡೆಯುವ ಕಾಯಿಲೆ ಅದು. ಹೆಂಗಸರ ವಿಷಯದಲ್ಲಿ ಮಾತ್ರ ಎಲ್ಲ ಲೆಕ್ಕಗಳೂ ಒಂದೇ ಮಾತು ಹೇಳುತ್ತವೆ. ಮೇಲೆ ಹೇಳಿದ ಜಾಗತಿಕ ಲೆಕ್ಕದಲ್ಲೂ 20 ದಾಟಿದ ಹೆಂಗಸರಲ್ಲಿ ಶೇ 10.6, ಗಂಡಸರಲ್ಲಿ ಶೇ 5.4.

ಸೋಂಕು ಬಂದ ವರ್ಷವೂ ಲೆಕ್ಕಕ್ಕೆ ಬರುತ್ತದೆ. ಬ್ರಿಟನ್ನಿನ ಅಂಕಿಗಳಲ್ಲಿ ಡೆಲ್ಟಾ ಕಾಲದ ಸೋಂಕಿನ ನಂತರ ಶೇ 10.8 ಜನರಿಗೆ ಲಾಂಗ್ ಕೋವಿಡ್ ಆದರೆ ಒಮೈಕ್ರಾನ್ ನಂತರ ಶೇ 4.5. 2021ರ ಬೇಸಿಗೆಯಲ್ಲಿ ಟ್ಯುನಿಷಿಯಾದಲ್ಲಿ ಸೋಂಕು ತಗಲಿದವರನ್ನೂ 2023ರಲ್ಲಿ ದೋಹಾದಲ್ಲಿ ಮೂರನೇ ಡೋಸಿನ ನಂತರ ತಗಲಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಪ್ಯಾಕೇಜಿನ ಅರ್ಜಿ ನಮೂನೆಯಲ್ಲಿ ಸೋಂಕಿನ ತಿಂಗಳು, ಲಸಿಕೆಯ ದಿನಾಂಕ ಬರೆಯುವ ಜಾಗ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಅಲ್ಲಿಗೇ ಒಂದು ಅಂಕ ಕಳೆಯಿರಿ.

ಈಗ ರಕ್ತದ ಪಟ್ಟಿಗೆ ಬರೋಣ. ಲಾಂಗ್ ಕೋವಿಡ್ ಇದೆ ಅಥವಾ ಇಲ್ಲ ಎಂದು ಹೇಳುವ ರಕ್ತ ಪರೀಕ್ಷೆ ಇಲ್ಲ. ಅಮೆರಿಕದ ‘ರಿಕವರ್’ ಯೋಜನೆಯವರು ಹತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ 25 ಸಾಮಾನ್ಯ ಲ್ಯಾಬ್ ಪರೀಕ್ಷೆಗಳನ್ನು ಮಾಡಿ, ಇವುಗಳಲ್ಲಿ ಯಾವುದೂ ಗುರುತು ಹಿಡಿಯಲು ಬಾರದು ಎಂದು 2024ರಲ್ಲಿ ಹೇಳಿದ್ದಾರೆ. ಹಾಗಾದರೆ ರಕ್ತ ತೆಗೆಸುವುದೇಕೆ? ಸುಸ್ತಿನ ಬೇರೆ ವಾರಸುದಾರರನ್ನು ಹಿಡಿಯಲು. ಆ ಕಣ್ಣಿನಿಂದ ನೋಡಿದರೆ ಸಿಬಿಸಿ, ಫೆರಿಟಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ವಿಟಮಿನ್ ಡಿ, ಬಿ12, ಕಿಡ್ನಿ-ಲಿವರ್, ಸಕ್ಕರೆ ಇಷ್ಟು ಕೊಟ್ಟ ದುಡ್ಡಿಗೆ ಮೋಸವಿಲ್ಲ. ವಿಚಿತ್ರವೆಂದರೆ ಟಿಎಸ್‌ಎಚ್ ಮತ್ತು ಬಿ12 ಎಷ್ಟೋ ಪ್ಯಾಕೇಜುಗಳಲ್ಲಿ ಇರುವುದಿಲ್ಲ, ಆ್ಯಂಟಿಬಾಡಿ ಮಾತ್ರ ತಪ್ಪದೆ ಇರುತ್ತದೆ. ವರ್ಷಗಟ್ಟಲೆ ಮೆಟ್ಫಾರ್ಮಿನ್ ನುಂಗುವವರಲ್ಲಿ ಬಿ12 ಇಳಿಯುತ್ತದೆ. ಇಳಿದರೆ ಸುಸ್ತು, ಕಾಲು ಜೋಮು, ಮರೆವು. ಸಕ್ಕರೆ ರೋಗಿಗಳೇ ತುಂಬಿರುವ ಸಮಾಜದಲ್ಲಿ ಇದನ್ನು ಬಿಟ್ಟು ‘ಬ್ರೈನ್ ಫಾಗ್’ (ಕೋವಿಡ್ ನಂತರ ತಲೆಗೆ ಮಂಕು ಕವಿಯುವುದು) ಎಂದು ಹಣೆಪಟ್ಟಿ ಹಚ್ಚುವುದು ಸಣ್ಣ ತಪ್ಪಲ್ಲ.

ಫೆರಿಟಿನ್ ಓದುವಾಗ ಸಿಆರ್‌ಪಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಮೈಯಲ್ಲಿ ಉರಿಯೂತ ಇದ್ದರೆ, ಕಬ್ಬಿಣಾಂಶ ಖಾಲಿಯಾಗಿದ್ದರೂ ಫೆರಿಟಿನ್ ಮೇಲಕ್ಕೇ ಕಾಣುತ್ತದೆ. ಬೊಜ್ಜು ಇದ್ದವರಲ್ಲಿ ಸಿಆರ್‌ಪಿ ಸದಾ ತುಸು ಏರಿಯೇ ಇರುತ್ತದೆ. ಅದನ್ನು ತೋರಿಸಿ ‘ಕೋವಿಡ್ ಇನ್ನೂ ಒಳಗೆ ಕೂತಿದೆ’ ಎನ್ನುವವರ ಮಾತು ನಂಬಬೇಡಿ.

ಎಚ್‌ಬಿಎ1ಸಿ ವಿಷಯದಲ್ಲಿ ಸೌದಿಯ ಪೂರ್ವ ಪ್ರಾಂತ್ಯ, ಬಹರೈನ್, ಒಮಾನ್ ಕಡೆಯವರಿಗೆ ಪ್ರತ್ಯೇಕ ಎಚ್ಚರಿಕೆ. ಅಲ್ಲಿ ಕುಡಗೋಲು ಕಣ ರೋಗ, ಥಲಸ್ಸೀಮಿಯಾ, ಜಿ6ಪಿಡಿ ಕೊರತೆ ಎಂಬ ಕೆಂಪು ರಕ್ತಕಣದ ಕಾಯಿಲೆಗಳ ವಂಶವಾಹಿ ಹೊತ್ತವರು ಬಹಳ. ಕೆಂಪು ರಕ್ತಕಣ ಬೇಗ ಸತ್ತರೆ ಸಕ್ಕರೆ ಅಂಟಿಕೊಳ್ಳಲು ಸಮಯವೇ ಸಿಗದು, ಎಚ್‌ಬಿಎ1ಸಿ ಸುಳ್ಳುಸುಳ್ಳೇ ಕಡಿಮೆ ತೋರಿಸುತ್ತದೆ. ಕೆಲವು ಲ್ಯಾಬ್ ಯಂತ್ರಗಳು ರೂಪಾಂತರಿ ಹಿಮೋಗ್ಲೋಬಿನ್ನನ್ನೇ ತಪ್ಪಾಗಿ ಓದುತ್ತವೆ. ‘ಸಕ್ಕರೆ ನಾರ್ಮಲ್, ಸುಸ್ತು ಕೋವಿಡ್‌ದೇ’ ಎಂಬ ತೀರ್ಪು ಬರುವುದು ಹೀಗೆ. ಸಿಬಿಸಿಯಲ್ಲಿ ಎಂಸಿವಿ (ಕೆಂಪು ಕಣದ ಗಾತ್ರ) 80ಕ್ಕಿಂತ ಕೆಳಗಿದ್ದು ಫೆರಿಟಿನ್ ಸರಿಯಾಗಿದ್ದರೆ ಹಿಮೋಗ್ಲೋಬಿನ್ ಬಗೆ ಗುರುತಿಸುವ ಎಲೆಕ್ಟ್ರೋಫೋರೆಸಿಸ್ ಪರೀಕ್ಷೆ ಕೇಳಿ; ಸಕ್ಕರೆಗೆ ಬೆಳಗಿನ ಖಾಲಿ ಹೊಟ್ಟೆಯ ಗ್ಲೂಕೋಸ್ ಅಥವಾ ಫ್ರಕ್ಟೋಸಮೀನ್ ಮಾಡಿಸಿ.

ಆಸ್ಪತ್ರೆಯಲ್ಲಿದ್ದಾಗ ಹೆಚ್ಚು ದಿನ ಸ್ಟೀರಾಯ್ಡ್ ಪಡೆದವರಿಗೆ ಇನ್ನೆರಡು ಪ್ರಶ್ನೆ ಇರಬೇಕು. ಸೊಂಟದ ಕೀಲಲ್ಲಿ, ತೊಡೆಸಂದಿಯಲ್ಲಿ ನೋವಿದೆಯೇ? ಇದ್ದರೆ ಎಂಆರ್‌ಐ. ಮೂಳೆಯ ತಲೆಗೆ ರಕ್ತ ನಿಂತು ಸವೆಯುವ ತೊಂದರೆ ಮೊದಮೊದಲು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಮೇಲೇಳಲಾರದ ಸುಸ್ತು, ತೂಕ ಇಳಿಕೆ, ಬಿಪಿ ಕಡಿಮೆ ಇದೆಯೇ? ಇದ್ದರೆ ಬೆಳಗಿನ ಎಂಟರ ಸುಮಾರಿಗೆ ಕಾರ್ಟಿಸಾಲ್ ಹಾರ್ಮೋನಿನ ರಕ್ತ ಪರೀಕ್ಷೆ.

ಡಿ-ಡೈಮರ್, ಆ್ಯಂಟಿಬಾಡಿ ಟೈಟರ್, ಸೈಟೋಕೈನ್ ಪ್ಯಾನೆಲ್ (ಉರಿಯೂತದ ರಾಸಾಯನಿಕಗಳ ಪರೀಕ್ಷೆ) ಇವು ದಂಡ. ರಕ್ತ ಹೆಪ್ಪುಗಟ್ಟಿರುವ ಅನುಮಾನ ಇದ್ದಾಗ ಡಿ-ಡೈಮರ್‌ಗೆ ಅರ್ಥ. ಸುಮ್ಮನೆ ಮಾಡಿಸಿದರೆ ತುಸು ಏರಿದ್ದು ಕಂಡು ಸಿ.ಟಿ., ಅಲ್ಲಿಂದ ಮತ್ತೊಂದು, ಹೀಗೆ ಮೆಟ್ಟಿಲು ಹತ್ತಿಸುತ್ತದೆ. ಎದೆಯ ಸಿ.ಟಿ. ಕೂಡ ಮನೆಯಲ್ಲೇ ಗುಣವಾದವರಿಗೆ ಬೇಡ. ಆಮ್ಲಜನಕ ಹಾಕಿಸಿಕೊಂಡಿದ್ದವರಿಗೆ ಊದಿಸಿ ನೋಡುವ ಸ್ಪೈರೋಮೆಟ್ರಿ ಜೊತೆಗೆ, ಅನಿಲ ರಕ್ತಕ್ಕೆ ದಾಟುವುದನ್ನು ಅಳೆಯುವ ಡಿಎಲ್‌ಸಿಒ ಮಾಡಿದರೆ ಹೆಚ್ಚು ತಿಳಿಯುತ್ತದೆ. ಊದುವ ಶಕ್ತಿ ಸರಿಯಾಗಿದ್ದು ಅನಿಲ ರಕ್ತಕ್ಕೆ ದಾಟುವುದು ಕುಂಠಿತವಾಗಿರುವುದುಂಟು. ಬರೀ ಸ್ಪೈರೋಮೆಟ್ರಿ ಅದನ್ನು ಹಿಡಿಯದು.

ಇನ್ನು ಪಟ್ಟಿಯಲ್ಲಿ ಇಲ್ಲದ್ದು. ಮೊದಲನೆಯದು ದಣಿದ ಮೇಲೆ ಬೀಳುವ ಹೊಡೆತ. ಮಾಡಿದ ಕೆಲಸದ ದಿನ ಚೆನ್ನಾಗಿಯೇ ಇದ್ದು, 12ರಿಂದ 48 ಗಂಟೆಗಳ ನಂತರ ನೆಲಕಚ್ಚುವುದು. ಶುಕ್ರವಾರ ಮಧ್ಯಾಹ್ನ ಮನೆತುಂಬ ನೆಂಟರಿಗೆ ಬಡಿಸಿದವರು ಭಾನುವಾರ ಹಾಸಿಗೆ ಬಿಟ್ಟು ಏಳುವುದಿಲ್ಲ. ನಡುವೆ ಒಂದು ದಿನ ಇರುವುದರಿಂದ ಅವರಿಗೇ ಕಾರಣ ಹೊಳೆಯುವುದಿಲ್ಲ, ‘ಸುಸ್ತಾಗುತ್ತದೆ’ ಎಂದಷ್ಟೇ ಹೇಳುತ್ತಾರೆ. ಇದನ್ನು ಹಿಡಿಯಲು ಐದು ಪ್ರಶ್ನೆಗಳ ಡಿಎಸ್‌ಕ್ಯೂ-ಪಿಇಎಂ ಎಂಬ ಪಟ್ಟಿ ಇದೆ. ಒಂದೊಂದಕ್ಕೂ ಎಷ್ಟು ಸಲ, ಎಷ್ಟು ತೀವ್ರ ಎಂದು 0ಯಿಂದ 4ರವರೆಗೆ ಅಂಕ. ಯಾವುದೇ ಒಂದು ಪ್ರಶ್ನೆಗೆ ಎರಡರಲ್ಲೂ 2 ಅಥವಾ ಹೆಚ್ಚು ಬಂದರೆ ಇದೆ ಎಂದು ಲೆಕ್ಕ. ಐದು ನಿಮಿಷದ ಕೆಲಸ. ಆ ಐದು ನಿಮಿಷ ಉಳಿಸಿ ನೇರ ಫಿಸಿಯೋಥೆರಪಿಗೆ ಕಳಿಸಿ, ಟ್ರೆಡ್‌ಮಿಲ್ ಹತ್ತಿಸಿ, ವಾರವಾರ ವೇಗ ಏರಿಸುವ ಕೇಂದ್ರಗಳಿಗೆ ನಮ್ಮ ಕಡೆಯಿಂದ ಸೊನ್ನೆ. ಈ ಹೊಡೆತ ಇರುವವರ ಸ್ನಾಯುಗಳಲ್ಲಿ ವ್ಯಾಯಾಮದ ನಂತರ ಹಾನಿ ಹೆಚ್ಚುವುದನ್ನು ಡಚ್ ಸಂಶೋಧಕರು 2024ರಲ್ಲಿ ತೋರಿಸಿದ್ದಾರೆ. ‘ಮನಸ್ಸು ಗಟ್ಟಿ ಮಾಡಿ ನಡೀರಿ’ ಎಂಬ ಉಪದೇಶ ಇವರಿಗೆ ವಿಷ.

ಎರಡನೆಯದು ಗೋಡೆಗೆ ಒರಗಿ ನಿಲ್ಲಿಸುವ ಪರೀಕ್ಷೆ. ನಾಸಾ ಲೀನ್ ಟೆಸ್ಟ್ ಎಂಬ ದೊಡ್ಡ ಹೆಸರಿದೆ, ಬೇಕಾದದ್ದು ಬಿಪಿ ಯಂತ್ರ ಮತ್ತು ಗಡಿಯಾರ. ಕತ್ತಲಾಗಿಸಿದ, ಸದ್ದಿಲ್ಲದ ಕೋಣೆಯಲ್ಲಿ ಹತ್ತು ನಿಮಿಷ ಅಂಗಾತ ಮಲಗಿಸಬೇಕು. ಕೊನೆಯ ಎರಡು ನಿಮಿಷ ಬಿಪಿ, ನಾಡಿ ಬರೆದುಕೊಳ್ಳಬೇಕು. ಆಮೇಲೆ ಎಬ್ಬಿಸಿ, ಹಿಮ್ಮಡಿ ಗೋಡೆಯಿಂದ 15 ಸೆಂ.ಮೀ. ಮುಂದೆ ಇರುವಂತೆ, ಭುಜ ಮಾತ್ರ ಗೋಡೆಗೆ ತಾಗುವಂತೆ ನಿಲ್ಲಿಸಿ, ನಿಮಿಷಕ್ಕೊಮ್ಮೆ ಹತ್ತು ಸಲ ಬರೆಯಬೇಕು. ನಾಡಿ 30 ಅಥವಾ ಹೆಚ್ಚು ಏರಿ ಇಳಿಯದೆ ನಿಂತರೆ, ಬಿಪಿ ಬೀಳದಿದ್ದರೆ, ಪಾಟ್ಸ್ (ನಿಂತಾಗ ನಾಡಿ ಅತಿಯಾಗಿ ಏರುವುದು) ಎಂಬ ತೊಂದರೆಯ ಗುರುತು. 12ರಿಂದ 19 ವಯಸ್ಸಿನವರಿಗೆ 40 ಏರಬೇಕು. ಬಿಪಿಯ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಬೇರೆ ತೊಂದರೆ. ತಲೆ ತಿರುಗಿ ಬೀಳುವಂತಾದರೆ ಅಲ್ಲಿಗೇ ನಿಲ್ಲಿಸಬೇಕು, ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಇದು ಕೆಡುವುದು ಸಣ್ಣಸಣ್ಣ ಕಾರಣಗಳಿಗೆ. ನರ್ಸ್ ಮಾತಾಡಿಸುತ್ತಾ ಹೋದರೆ ನಾಡಿ ಬದಲಾಗುತ್ತದೆ. ಕಾಲು ಆಡಿಸಿದರೆ ರಕ್ತ ಮೇಲಕ್ಕೆ ತಳ್ಳಿ ಫಲಿತಾಂಶ ಚೆನ್ನಾಗಿ ಕಾಣುತ್ತದೆ. ಬೀಟಾ ಬ್ಲಾಕರ್ ಮಾತ್ರೆ ನುಂಗಿದ್ದರೆ ಏರಬೇಕಾದ ನಾಡಿ ಏರುವುದಿಲ್ಲ. ಸಂಜೆ ಮಾಡಿದರೆ ತಪ್ಪಿಹೋಗಬಹುದು. ಬೆಳಿಗ್ಗೆ ಈ ತೊಂದರೆ ಜೋರು. ಮೂರು ನಿಮಿಷಕ್ಕೇ ನಿಲ್ಲಿಸುವವರೂ ಇದ್ದಾರೆ, ನಿಧಾನವಾಗಿ ಏರುವವರು ಅದರಲ್ಲಿ ಸಿಗುವುದಿಲ್ಲ. ಗಲ್ಫ್ ಬೇಸಿಗೆಯಲ್ಲಿ ಹೊರಗಿನಿಂದ ಬೆವರಿ ಬಂದವರಿಗೆ, ರಂಜಾನ್ ಉಪವಾಸದಲ್ಲಿ ನೀರು ಮುಟ್ಟದವರಿಗೆ ಮಾಡಿದರೆ ಬರೀ ನಿರ್ಜಲೀಕರಣದಿಂದಲೇ ನಾಡಿ ಏರಿ ಸುಳ್ಳು ಪಾಸಿಟಿವ್ ಬರುತ್ತದೆ.

ಪರೀಕ್ಷೆ ಮಾಡುವ ಮೊದಲೇ ಅನುಮಾನ ಹುಟ್ಟಿಸುವ ಪ್ರಶ್ನೆ ಒಂದಿದೆ, ನಮಾಜು ಮಾಡುವ ರೋಗಿಗಳಿಗೆ ಹೇಳಿ ಮಾಡಿಸಿದಂಥದ್ದು: ಸುಜೂದ್‌ನಿಂದ (ಹಣೆ ನೆಲಕ್ಕಿಟ್ಟ ಭಂಗಿ) ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಕಟ್ಟುತ್ತದೆಯೇ? ಎದೆ ಡವಗುಟ್ಟುತ್ತದೆಯೇ? ತರಾವೀಹ್‌ನಲ್ಲಿ (ರಂಜಾನ್ ರಾತ್ರಿಯ ನಮಾಜು) ಹೊತ್ತುಗಟ್ಟಲೆ ನಿಲ್ಲಲು ಮೊದಲು ಆಗುತ್ತಿತ್ತು, ಈಗ ಗೋಡೆ ಬೇಕೇ? ಯಾವ ಪ್ರಶ್ನಾವಳಿಗಿಂತಲೂ ಚುರುಕಾಗಿ ಉತ್ತರ ಬರುತ್ತದೆ.

ಬೆರಳಿನ ಆಕ್ಸಿಮೀಟರ್ ಹೇಗೂ ಹಾಕುತ್ತಾರೆ. ಆದರೆ ಕುರ್ಚಿಯಲ್ಲಿ ಕೂತಿದ್ದಾಗ 98 ಬಂತು, ಬರೆದರು, ಮುಗಿಯಿತು. ಬೇಕಾದದ್ದು ಶ್ರಮದ ನಂತರದ ಅಂಕಿ. 46 ಸೆಂ.ಮೀ. ಎತ್ತರದ, ಕೈ ಊರುವ ತೋಳುಗಳಿಲ್ಲದ ಕುರ್ಚಿಯಿಂದ ಒಂದು ನಿಮಿಷ ಏಳಿಸಿ ಕೂರಿಸಿ, ಆಮ್ಲಜನಕ 3 ಅಂಕ ಅಥವಾ ಹೆಚ್ಚು ಇಳಿಯುತ್ತದೆಯೇ ನೋಡಬೇಕು. ಆರು ನಿಮಿಷದ ನಡಿಗೆಗೆ 30 ಮೀಟರ್ ನೇರ ಹಾದಿ ಬೇಕು. ಹತ್ತು ಮೀಟರ್ ಕಾರಿಡಾರಿನಲ್ಲಿ ತಿರುಗಿಸಿ ತಿರುಗಿಸಿ ನಡೆಸಿದರೆ ದೂರ ಕಡಿಮೆ ಬಂದು ರೋಗಿ ಇರುವುದಕ್ಕಿಂತ ದುರ್ಬಲ ಎಂದು ಕಾಣುತ್ತಾರೆ. ದಣಿದ ಮೇಲಿನ ಹೊಡೆತ ಇರುವವರಿಗೆ ಇವೆರಡನ್ನೂ ಒಂದೇ ದಿನ ಮಾಡಿಸಲೇಬಾರದು.

ಆಕ್ಸಿಮೀಟರ್ ಸುಳ್ಳು ಹೇಳುವ ಜಾಗಗಳೂ ಇವೆ. ಮದುವೆ, ಈದ್ ಹಬ್ಬದ ಮರುದಿನ ಬಂದ ಹೆಂಗಸರ ಬೆರಳ ತುದಿಯಲ್ಲಿ ದಟ್ಟ ಕಪ್ಪು ಮದರಂಗಿ ಇದ್ದರೆ ಬೆಳಕು ದಾಟದೆ ಅಂಕಿ ಬರುವುದೇ ಇಲ್ಲ, ಬಂದರೂ ನಂಬುವಂತಿಲ್ಲ. ಕೆಂಪು ಮದರಂಗಿಯಿಂದ ಅಷ್ಟು ತೊಂದರೆಯಿಲ್ಲ. ಕಿವಿಯ ಹಾಲೆಗೆ ಹಾಕುವ ಪ್ರೋಬ್ ಕೇಳಿ. ಕಪ್ಪು ಚರ್ಮದವರಲ್ಲಿ ಯಂತ್ರ ನಿಜಕ್ಕಿಂತ ಹೆಚ್ಚು ತೋರಿಸುವುದು ಗೊತ್ತಾದ ಸಂಗತಿ. ಸುಡಾನ್, ಮಾರಿಟೇನಿಯಾ ಕಡೆಯ ರೋಗಿಗಳಿಗೆ 94 ಎಂದರೆ ಸಮಾಧಾನ ಪಡುವಂತಿಲ್ಲ. ಶೀಶಾ (ಹುಕ್ಕಾ) ಇನ್ನೊಂದು ಬಲೆ. ಇದ್ದಿಲ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನು ಈ ಯಂತ್ರ ಆಮ್ಲಜನಕವೆಂದೇ ಓದುತ್ತದೆ. ರಾತ್ರಿ ಹನ್ನೆರಡರವರೆಗೆ ಶೀಶಾ ಸೇದಿ ಬೆಳಿಗ್ಗೆ ಎಂಟಕ್ಕೆ ಬಂದವರಲ್ಲಿ ಅದು ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಅರ್ಧಕ್ಕಿಳಿಯಲೇ ನಾಲ್ಕೈದು ಗಂಟೆ ಬೇಕು. ‘ಸಿಗರೇಟ್ ಸೇದುತ್ತೀರಾ’ ಎಂದರೆ ಇಲ್ಲ ಎನ್ನುತ್ತಾರೆ. ಶೀಶಾ ಎಂದು ಹೆಸರು ಹಿಡಿದೇ ಕೇಳಬೇಕು.

ಮೂರನೇ ಕೊರತೆ ಭಾಷೆ. ಅರಬಿ ಒಂದೇ ಭಾಷೆ ಎಂದುಕೊಂಡು ಪ್ರಶ್ನಾವಳಿ ಅಚ್ಚು ಹಾಕಿಸುತ್ತಾರೆ. ‘ಅಯ್ಯಾನ್’ ಎಂದರೆ ಈಜಿಪ್ಟಿನವರಿಗೆ ಕಾಯಿಲೆ ಬಿದ್ದವನು, ಮೊರೊಕ್ಕೊದವರಿಗೆ ದಣಿದವನು. ‘ತಅಬಾನ್’ ಎಂಬುದು ದಣಿವಿಗೂ ಆಗುತ್ತದೆ, ಮೈ ಸರಿಯಿಲ್ಲ ಎನ್ನುವುದಕ್ಕೂ ಆಗುತ್ತದೆ. ಸುಸ್ತಿನ ಪ್ರಮಾಣ ದೇಶದಿಂದ ದೇಶಕ್ಕೆ ಏರುಪೇರಾಗಲು ಈ ಒಂದು ಪದ ಸಾಕು. ಎದೆ ಬಿಗಿತಕ್ಕೆ ಗಲ್ಫ್‌ನವರು ‘ಕತ್ಮಾ’ ಎನ್ನುತ್ತಾರೆ. ಅದು ಉಸಿರಾಟದ ತೊಂದರೆಯೋ ಮನಸ್ಸಿನ ಭಾರವೋ ಎಂದು ಬಿಡಿಸಿ ಕೇಳಬೇಕು. ಖಿನ್ನತೆಯ ಪ್ರಶ್ನೆಗೆ ನೇರವಾಗಿ ಹೌದು ಎನ್ನುವವರು ಕಡಿಮೆ. ನಿದ್ದೆ, ಹಸಿವು, ನೆಂಟರ ಮನೆಗೆ ಹೋಗುವ ಮನಸ್ಸು ಎಂದು ಬಳಸಿ ಬಂದರೆ ಹೇಳುತ್ತಾರೆ.

ಮರೆವಿನ ಪರೀಕ್ಷೆಗೆ ಮೋಕಾ ಎಂಬ ಪ್ರಶ್ನಾವಳಿ ಬಳಸುವ ಕೇಂದ್ರಕ್ಕೆ ಒಂದು ಅಂಕ ಹೆಚ್ಚು. ಅದನ್ನು ರೂಪಿಸಿದ ಕೆನಡಾದ ನರತಜ್ಞ ಝಿಯಾದ್ ನಸ್ರೆದ್ದೀನ್ ಮೂಲತಃ ಲೆಬನಾನಿನವರೇ, ಅರಬಿ ಆವೃತ್ತಿಯೂ ಇದೆ. 30 ಅಂಕದಲ್ಲಿ 26 ಬಂದರೆ ಸರಿ ಎಂಬುದು ಮೂಲ ಗೆರೆ. 12 ವರ್ಷ ಅಥವಾ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸುತ್ತಾರೆ. ಆದರೆ ಶಾಲೆಯನ್ನೇ ಹೆಚ್ಚು ಕಾಣದ ಅರವತ್ತರ ಹೆಂಗಸಿಗೆ ಘನಾಕೃತಿ ಬಿಡಿಸು, ಗಡಿಯಾರ ಬರೆ ಎಂದರೆ ಆ ಒಂದು ಅಂಕ ಯಾವ ಮೂಲೆಗೆ? ಅಂಥವರಿಗೆ ಅಂಕಕ್ಕಿಂತ ಹಿಂದಿನದಕ್ಕೂ ಈಗಿನದಕ್ಕೂ ಏನು ವ್ಯತ್ಯಾಸ ಎಂದು ಮನೆಯವರನ್ನು ಕೇಳುವುದೇ ಲೇಸು.

ಚಿಕಿತ್ಸೆಯ ಭಾಗವನ್ನು ಚುಟುಕಾಗಿ ಮುಗಿಸಬಹುದು, ಪ್ಯಾಕೇಜುಗಳೂ ಹಾಗೆಯೇ ಮುಗಿಸುತ್ತವೆ. ವಿಟಮಿನ್ ಡ್ರಿಪ್, ಓಝೋನ್, ‘ಇಮ್ಯುನಿಟಿ’ ಇಂಜೆಕ್ಷನ್ ತೋರಿಸಿದರೆ ಎದ್ದು ಬನ್ನಿ. ಮೆಟ್ಫಾರ್ಮಿನ್ ಬಗ್ಗೆ ಈಚೆಗೆ ಬಹಳ ಮಾತು ಕೇಳುತ್ತದೆ. ಅಮೆರಿಕದ ಪ್ರಯೋಗದಲ್ಲಿ ತೂಕ ಹೆಚ್ಚಿದ್ದವರಿಗೆ ಸೋಂಕು ಶುರುವಾದ ಒಂದು ವಾರದೊಳಗೆ ಕೊಟ್ಟಾಗ, ಹತ್ತು ತಿಂಗಳ ಹೊತ್ತಿಗೆ ಲಾಂಗ್ ಕೋವಿಡ್ ಶೇ 10.4ರಿಂದ 6.3ಕ್ಕೆ ಇಳಿದದ್ದು ನಿಜ. ವರ್ಷದಿಂದ ನರಳುವವರಿಗೆ ಅದನ್ನು ಈಗ ಶುರುಮಾಡಲು ಅದು ಆಧಾರವಲ್ಲ. ವಾಸನೆ ಕೆಟ್ಟವರಿಗೆ ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆಗಳನ್ನು ದಿನಕ್ಕೆರಡು ಸಲ, ಒಂದೊಂದನ್ನೂ ಹತ್ತಿಪ್ಪತ್ತು ಸೆಕೆಂಡ್, ಕನಿಷ್ಠ 12 ವಾರ ಮೂಸುವ ಅಭ್ಯಾಸ ಹೇಳಿಕೊಡಬೇಕು. ಕಾಫಿ, ಹುರಿದ ಈರುಳ್ಳಿ, ಮಾಂಸದ ವಾಸನೆ ಸುಟ್ಟಂತೆ ಕೊಳೆತಂತೆ ಬರುವವರಿಗೆ ಬಖೂರ್ (ಸುಗಂಧದ ಧೂಪ) ಹಾಕಿದ ಕೋಣೆಯೂ ಹಿಂಸೆಯಾದೀತು, ಕೇಳಿ ನೋಡಬೇಕು.

ಪಾಟ್ಸ್ ಇರುವವರಿಗೆ ದಿನಕ್ಕೆ 2ರಿಂದ 3 ಲೀಟರ್ ನೀರು, 10 ಗ್ರಾಂ ಆಸುಪಾಸು ಉಪ್ಪು ಹೇಳುತ್ತಾರೆ. ಬಿಪಿ, ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದವರಿಗೆ ಈ ಉಪ್ಪು ಸಲ್ಲದು, ಮತ್ತೆ ಈ ಪ್ರದೇಶದಲ್ಲಿ ಅಂಥವರೇ ಹೆಚ್ಚು. ರಂಜಾನ್‌ನಲ್ಲಿ 13ರಿಂದ 15 ಗಂಟೆ ನೀರಿಲ್ಲದೆ ಈ ಲೆಕ್ಕ ನಡೆಯದು. ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಕುರಾನಿನಲ್ಲೇ ಇದೆ, ಕುರ್ಚಿಯಲ್ಲಿ ಕೂತು ನಮಾಜು ಮಾಡಲೂ ಅವಕಾಶವಿದೆ. ಆದರೆ ಹೊರಗೆ ಏನೂ ಕಾಣದ ಕಾಯಿಲೆಗೆ ವಿನಾಯಿತಿ ತೆಗೆದುಕೊಳ್ಳಲು ಜನ ಹಿಂಜರಿಯುತ್ತಾರೆ. ವೈದ್ಯರು ಅದನ್ನು ಬಾಯಿಮಾತಲ್ಲಿ ಬಿಡದೆ ಚೀಟಿಯಲ್ಲಿ ಬರೆದುಕೊಟ್ಟರೆ ಮನೆಯವರೂ ಒಪ್ಪುತ್ತಾರೆ. ಇದನ್ನು ರಂಜಾನ್‌ಗೆ ಒಂದು ತಿಂಗಳು ಮೊದಲೇ ಮಾತಾಡುವ ಕೇಂದ್ರ ಸಿಕ್ಕರೆ ಅದನ್ನೇ ಹಿಡಿದುಕೊಳ್ಳಿ.

ಬುಕ್ ಮಾಡುವ ಮೊದಲು ಫೋನಿನಲ್ಲಿ ನಾಲ್ಕು ಪ್ರಶ್ನೆ ಕೇಳಬಹುದು: ವೈದ್ಯರ ಭೇಟಿ ಎಷ್ಟು ನಿಮಿಷ? ನಿಲ್ಲಿಸಿ ಹತ್ತು ನಿಮಿಷ ಬಿಪಿ ನೋಡುತ್ತೀರಾ? ಪಟ್ಟಿಯಿಂದ ಡಿ-ಡೈಮರ್, ಆ್ಯಂಟಿಬಾಡಿ ತೆಗೆದು ಟಿಎಸ್‌ಎಚ್, ಬಿ12 ಹಾಕಿಕೊಡುತ್ತೀರಾ? ಫಿಸಿಯೋಥೆರಪಿಗೆ ಕಳಿಸುವ ಮೊದಲು ಏನು ಕೇಳುತ್ತೀರಿ? ಮೊದಲನೆಯದಕ್ಕೆ 15 ನಿಮಿಷಕ್ಕಿಂತ ಕಡಿಮೆ ಎಂದರೆ ಪ್ಯಾಕೇಜ್ ಬಿಟ್ಟು, ಒಬ್ಬ ಒಳ್ಳೆಯ ಜನರಲ್ ಫಿಸಿಷಿಯನ್ ಹತ್ತಿರ ಸಾಮಾನ್ಯ ಭೇಟಿಗೆ ಹೋಗುವುದು ಅಗ್ಗ. ಅವರು ಬೇಕಾದ ಪರೀಕ್ಷೆಯನ್ನಷ್ಟೇ ಬರೆದರೆ ವಿಮೆಗೂ ಕೇಳಬಹುದು. ಪ್ಯಾಕೇಜ್ ಎಂಬ ಹೆಸರಲ್ಲಿ ಮಾಡಿಸಿದ್ದಕ್ಕೆ ವಿಮೆ ಒಪ್ಪುತ್ತದೆಯೇ ಎಂದು ಮೊದಲೇ ವಿಚಾರಿಸಿ. ಚೀಟಿಯಲ್ಲಿ ಲಕ್ಷಣದ ಕೋಡ್ ಜೊತೆಗೆ ಐಸಿಡಿ-10 ಎಂಬ ರೋಗಸಂಕೇತ ಪಟ್ಟಿಯಲ್ಲಿ ಕೋವಿಡ್ ನಂತರದ ತೊಂದರೆಗೆ ಇರುವ ಯು09.9 ಬರೆಸಿಕೊಳ್ಳಿ.

ಹೋಗುವಾಗ ಸೋಂಕಿನ ತಿಂಗಳು, ಲಸಿಕೆಯ ದಿನಾಂಕ ಬರೆದುಕೊಂಡು ಹೋಗಿ. ಸೌದಿಯ ತವಕ್ಕಲ್ನಾ, ಸಿಹ್ಹತಿ, ಎಮಿರೇಟ್ಸ್‌ನ ಅಲ್ ಹೊಸ್ನ್, ಕತಾರ್‌ನ ಇಹ್ತಿರಾಝ್ ಆ್ಯಪ್‌ಗಳಲ್ಲಿ ಹಳೆಯ ದಾಖಲೆ ಉಳಿದಿದ್ದರೆ ಸ್ಕ್ರೀನ್‌ಶಾಟ್ ಸಾಕು. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಅದರಲ್ಲಿ ಸ್ಟೀರಾಯ್ಡ್ ಎಷ್ಟು ದಿನ ಎಂಬುದು. ನುಂಗುವ ಮಾತ್ರೆಗಳ ಸ್ಟ್ರಿಪ್‌ಗಳು. ಎರಡು ವಾರದ ದಿನಚರಿ, ಏನು ಮಾಡಿದೆ, ಮರುದಿನ ಹೇಗಿತ್ತು, ಅದರ ಮರುದಿನ ಹೇಗಿತ್ತು ಎಂದು ಒಂದೊಂದು ಸಾಲು. ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ಕೇಳಿ, ಹಿಂದಿನ ರಾತ್ರಿ ಶೀಶಾ ಬೇಡ, ಬೆರಳಿಗೆ ಕಪ್ಪು ಮದರಂಗಿ ಹಚ್ಚಿದ್ದರೆ ಬುಕ್ ಮಾಡುವಾಗಲೇ ಹೇಳಿ.